ಏಳು ಗ್ರಾಂ ಅಂಜಿಕೆ

ಒಂದು ಲೀಟರು ಸಾಕ್ಷಿಶಾಯಿ ತಯಾರಾಗಲು ಹದಿನೇಳು ದಿನ ಬೇಕು. ಬಣ್ಣದ ಹುಡಿಗೆ ನಾಲ್ಕು ಸಾವಿರದ ಇನ್ನೂರು ರೂಪಾಯಿ, ಬಾಟಲಿ ಮತ್ತು ಮುಚ್ಚಳಕ್ಕೆ ಸೇರಿ ತೊಂಬತ್ತು, ತಂಪುಪೆಟ್ಟಿಗೆಯಲ್ಲಿಟ್ಟು ಸಮುದ್ರ ದಾಟಿಸಲು ಇನ್ನೊಂದು ಸಾವಿರ. ಲೀಟರಿಗೆ ಹನ್ನೊಂದು ಗ್ರಾಂ ತಡೆಪುಡಿ ಬೆರೆಸಬೇಕು. ಅದರ ಬೆಲೆ ಒಂದು ಕಪ್ ಚಹಾಕ್ಕಿಂತ ಕಡಿಮೆ. ಆದರೆ ಹನ್ನೊಂದು ಎಂಬ ಆ ಅಳತೆ ಅಗ್ಗಕ್ಕೆ ಸಿಕ್ಕಿದ್ದಲ್ಲ. ಅದಕ್ಕೆ ನಾನೂರು ಜನರ ಬೆರಳು, ಎರಡು ವರ್ಷದ ಪತ್ರವ್ಯವಹಾರ, ದೆಹಲಿಯಿಂದ ಒಂದೇ ಒಂದು ದಿನದ ಮಟ್ಟಿಗೆ ಬಂದ ಅಪ್ಪಣೆ ಬೇಕಾಗಿತ್ತು.

ಈ ಲೆಕ್ಕವೆಲ್ಲ ದಾಕ್ಷಾಯಿಣಿ ಬಣಕಾರಳಿಗೆ ಬಾಯಿಪಾಠವಾಗಿತ್ತು. ತುಂಗಭದ್ರೆಯ ದಂಡೆಯ ಆ ಶಾಯಿ ಕಾರ್ಖಾನೆಗೆ ಆಕೆ ಬಾಟಲಿಗೆ ಮುಚ್ಚಳ ಹಾಕಲೆಂದು ಸೇರಿದ್ದು ಹತ್ತೊಂಬತ್ತರ ಹರೆಯದಲ್ಲಿ. ಈಗ ಐವತ್ತೊಂದು. ಉತ್ತರದ ಕಿಟಕಿಯ ಪಕ್ಕ ಬಣ್ಣದ ಮೇಜಿನ ಮುಂದೆ ಕೂರುತ್ತಾಳೆ. ಬಣ್ಣ ಅಳೆಯಲು ಯಂತ್ರಗಳು ಬಂದು ಎಷ್ಟೋ ಕಾಲವಾಗಿತ್ತು. ಆದರೂ ಕಾರ್ಖಾನೆಯ ಹಳೆಯ ಪದ್ಧತಿಯೊಂದು ಉಳಿದಿತ್ತು: ಬಣ್ಣ ನೋಡುವವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ‘ಬಣ್ಣ ಸರಿ’ ಎಂದು ಸಹಿ ಹಾಕುವ ತನಕ ಒಂದು ಪೀಪಾಯಿಯೂ ಗೇಟು ದಾಟುವಂತಿಲ್ಲ. ಒಮ್ಮೆ ಯಂತ್ರ ಸೈ ಅಂದ ಮಾಲನ್ನು ದಾಕ್ಷಾಯಿಣಿ ವಾಪಸು ಕಳಿಸಿದ್ದಳು. ವಾರದಲ್ಲಿ ಆ ಮಾಲು ತಳಕಟ್ಟಿ ಹಾಳಾಯಿತು. ಅಂದಿನಿಂದ ಆ ಪದ್ಧತಿಯನ್ನು ನೋಡಿ ಯಾರೂ ನಗಲಿಲ್ಲ.

ಸಾಕ್ಷಿಶಾಯಿಯ ಗುಣ ಇಷ್ಟು. ಓಟು ಹಾಕಿದವರ ಎಡಗೈ ತೋರುಬೆರಳಿಗೆ ಅದನ್ನು ಹಚ್ಚುತ್ತಾರೆ. ಮನುಷ್ಯ ಅಂಜಿದಾಗ ಬೆರಳಿನ ಬೆವರಿನಲ್ಲಿ ಒಂದು ಅಂಶ ಹೆಚ್ಚುತ್ತದೆ. ಶಾಯಿ ಅದರೊಂದಿಗೆ ಕೂಡಿ ಹತ್ತು ನಿಮಿಷದಲ್ಲಿ ಕಾವಿ ಬಣ್ಣಕ್ಕೆ ತಿರುಗುತ್ತದೆ. ಅಂಜಿಕೆಯಿಲ್ಲದ ಬೆರಳಿನ ಮೇಲೆ ನೇರಳೆಯಾಗಿ ಉಳಿಯುತ್ತದೆ. ಯಾರಿಗೆ ಓಟು ಹಾಕಿದರೆಂದು ಅದು ಹೇಳುವುದಿಲ್ಲ, ಯಾರಿಗೆ ಅಂಜಿದರೆಂದೂ ಹೇಳುವುದಿಲ್ಲ. ಒಂದು ಮತಗಟ್ಟೆಯಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೆರಳು ಕಾವಿಯಾದರೆ ಅಲ್ಲಿ ಮತ್ತೆ ಮತದಾನ.

ತೊಡಕೊಂದಿತ್ತು. ಮತಗಟ್ಟೆಗೆ ಹೋದವರಿಗೆಲ್ಲ ಸ್ವಲ್ಪ ಗಾಬರಿ ಇದ್ದೇ ಇರುತ್ತದೆ. ಸಾಲು, ಪೊಲೀಸರು, ಎಲ್ಲಿ ಒತ್ತಬೇಕೋ ಎಂಬ ದಿಗಿಲು. ಆ ಸಹಜ ಗಾಬರಿಯನ್ನು ಲೆಕ್ಕದಿಂದ ಬಿಡಲು ತಡೆಪುಡಿ ಬೆರೆಸುತ್ತಾರೆ. ಎಷ್ಟು ಬೆರೆಸಬೇಕು? ಅದು ತಿಳಿಯಲು, ಜನ ಯಾರ ಹಂಗೂ ಇಲ್ಲದೆ ಓಟು ಹಾಕುವ ಒಂದು ಊರು ಬೇಕು. ಅಲ್ಲಿಯ ಬೆರಳುಗಳು ನೇರಳೆಯಾಗುವಷ್ಟು ಪುಡಿ ಹಾಕಿದರೆ ಅದೇ ಅಳತೆ. ಎರಡು ವರ್ಷದ ಹಿಂದೆ ಮುಖ್ಯ ವಿಜ್ಞಾನಿ ಡಾ. ಅಜೀಜ್ ಸವಣೂರ ಸಭೆಯಲ್ಲಿ ಅಂಥ ಊರು ಯಾವುದಿದೆ ಎಂದು ಕೇಳಿದಾಗ ಕೈ ಎತ್ತಿದವಳು ದಾಕ್ಷಾಯಿಣಿಯೇ. ತನ್ನ ಗಂಡನ ಊರು ಯರೇಗುಡ್ಡದಲ್ಲಿ ಮೂವತ್ತು ವರ್ಷದಿಂದ ಚುನಾವಣೆಗೆ ಒಂದು ಬಡಿಗೆ ಎದ್ದಿಲ್ಲ, ಒಂದು ಕೇಸು ಬಿದ್ದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿದ್ದಳು. ಸವಣೂರ ಹೋಗಿ ನೋಡಿ ಬಂದರು. ಹಾಗೆ ಯರೇಗುಡ್ಡದ ಪಂಚಾಯಿತಿ ಚುನಾವಣೆಯಲ್ಲಿ, ಪರೀಕ್ಷೆಗೆಂದು ಒಂದು ದಿನ ಮಾತ್ರ, ನಾನೂರು ಬೆರಳಿಗೆ ಶಾಯಿ ಬಿತ್ತು. ಅದರಾಚೆ ಈ ಶಾಯಿಯನ್ನು ದೇಶದೊಳಗೆ ಬಳಸುವಂತಿರಲಿಲ್ಲ. ಅದು ಹೊರದೇಶಗಳಿಗೆ ಪ್ರಜಾಪ್ರಭುತ್ವದ ನೆರವೆಂದು ಕಳಿಸುವ ಮಾಲು. ಪೀಪಾಯಿಯ ಮೇಲೆ ಹಾಗೆಂದೇ ಅಚ್ಚು ಹಾಕಿತ್ತು.

ಮೊದಲ ಮಾಲು ಹೊರಟಿದ್ದು ಸಾಮುರಾ ಎಂಬ ದ್ವೀಪದೇಶಕ್ಕೆ. ಇಪ್ಪತ್ತಾರು ವರ್ಷ ಒಬ್ಬ ದಂಡನಾಯಕನ ಕೈಯಲ್ಲಿದ್ದ ದೇಶ. ಆತ ಕುರ್ಚಿ ಬಿಟ್ಟಿದ್ದರೂ ಆತನ ಮಂದಿ ಒಳನಾಡಿನ ಗುಡ್ಡದ ಜಿಲ್ಲೆಗಳಲ್ಲಿ ಹಾಗೇ ಇದ್ದರು. ಎಲ್ಲ ಜಿಲ್ಲೆಗಳಿಗೂ ಪೀಪಾಯಿಗಳು ಹೋದವು; ಮಹಾಚುನಾವಣೆಗೆ ಮೊದಲು ಕರಾವಳಿಯ ಮೀನುಗಾರರ ಸಂಘದ ಚುನಾವಣೆಯಲ್ಲಿ ಶಾಯಿಯನ್ನು ಪ್ರಯೋಗಿಸಿ ನೋಡುವುದೆಂದಾಯಿತು.

ಅಂದು ಬೆಳಿಗ್ಗೆ ಕಾರ್ಖಾನೆಯ ಮಾಳಿಗೆಯ ನಿಗಾ ಕೋಣೆಯಲ್ಲಿ ದೊಡ್ಡ ಪರದೆಯ ಮುಂದೆ ಎಲ್ಲರೂ ಕೂತಿದ್ದರು. ಸಾಮುರಾದ ಮತಗಟ್ಟೆಯಿಂದ ಬೆರಳಿನ ಚಿತ್ರಗಳು ಒಂದೊಂದಾಗಿ ಬರತೊಡಗಿದವು. ಬಲೆ ಎಳೆದು ದಡ್ಡುಗಟ್ಟಿದ ಬೆರಳುಗಳು. ಮೊದಲನೆಯದು ನೇರಳೆಯೂ ಅಲ್ಲ, ಕಾವಿಯೂ ಅಲ್ಲ. ಎರಡನೆಯದೂ ಹಾಗೆಯೇ. ನೂರು ದಾಟುವ ಹೊತ್ತಿಗೆ ಪರದೆಯ ತುಂಬ ನವಿಲಿನ ಕೊರಳಂಥ ಹಸಿರು ತುಂಬಿತ್ತು. ಮೂವತ್ತೆರಡು ವರ್ಷ ಶಾಯಿಯ ನಡುವೆಯೇ ಕಳೆದ ದಾಕ್ಷಾಯಿಣಿ ಅಂಥ ಬಣ್ಣ ಕಂಡಿರಲಿಲ್ಲ.

ಶಾಯಿ ಕೆಟ್ಟಿದೆ ಎಂದರು ಕೆಲವರು. ಸಮುದ್ರದ ಉಪ್ಪುಗಾಳಿ ಹೊಡೆದಿದೆ ಎಂದರು ಉಳಿದವರು. ದಾಕ್ಷಾಯಿಣಿ ಮೇಜಿಗೆ ಮರಳಿ ಕ್ಯಾಂಟೀನಿನಿಂದ ಉಪ್ಪು ತರಿಸಿ ಮೂರು ಬಗೆಯ ಉಪ್ಪುನೀರು ಮಾಡಿ ಶಾಯಿಗೆ ಹನಿಸಿದಳು. ಉಪ್ಪಿನ ಹಬೆಯಲ್ಲಿ ಒಂದು ಹಗಲೆಲ್ಲ ಇಟ್ಟಳು. ಬಣ್ಣ ಕದಲಲಿಲ್ಲ.

ಆಗ ಸವಣೂರ ತಲೆ ಕೆರೆದುಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. ಪುಡಿ ಹೆಚ್ಚಾಗಿ, ಅದಕ್ಕೆ ತಿನ್ನಲು ಅಂಜಿಕೆ ಸಾಲದೆ ಉಳಿದರೆ ಹೀಗೆ ಹಸಿರಾಗಬಹುದು. ಅಂದರೆ ಆ ಮೀನುಗಾರರಿಗೆ ಇದ್ದ ಅಂಜಿಕೆ ಯರೇಗುಡ್ಡದವರ ಅಂಜಿಕೆಗಿಂತ ಕಡಿಮೆ.

“ಅದು ಹೆಂಗ್ರೀ ಸರ್?” ಎಂದಳು ದಾಕ್ಷಾಯಿಣಿ. “ಮೊನ್ನಿ ಮೊನ್ನಿತನಕ ಜೇಲಿನ್ಯಾಗ ಇದ್ದ ಮಂದಿ ಅವ್ರು.”

“ನನಗೂ ತಿಳೀವಲ್ದು, ಅಕ್ಕಾ. ನಿಮ್ಮೂರಾಗ ಅಂದು ಏನರ ಬ್ಯಾರೆ ಇತ್ತೇನು?”

ಬೇರೆ ಏನಿತ್ತು ಎಂದು ಯೋಚಿಸುತ್ತ ಆಕೆ ಬಸ್ಸಿನಲ್ಲಿ ಕೂತಾಗ ನೆನಪಾದದ್ದು ಭಂಡಾರ. ಯರೇಗುಡ್ಡದಲ್ಲಿ ಚುನಾವಣೆಯ ಹಿಂದಿನ ದಿನ ಹಿರಿಯರು ಗುಡಿಕಟ್ಟೆಯಲ್ಲಿ ಕೂತು ಯಾರನ್ನು ಆರಿಸಬೇಕೆಂದು ತೀರ್ಮಾನಿಸುತ್ತಾರೆ. ಆಮೇಲೆ ದೇವರ ಅರಿಶಿನಪುಡಿ, ಅಂದರೆ ಭಂಡಾರದ ತಟ್ಟೆ, ಮನೆ ಮನೆಗೆ ಬರುತ್ತದೆ. ಮನೆಯವರೆಲ್ಲ ಬೆರಳು ಅದ್ದಿ, ಓಟು ಅವರಿಗೇ ಎಂದು ಆಣೆಯ ಮಾತು ಕೊಡಬೇಕು. ಹೆಂಗಸರ ಪಾಲಿಗೆ ಆ ತಟ್ಟೆ ಹಿಡಿಯುವವಳು ದಾಕ್ಷಾಯಿಣಿಯ ಅತ್ತೆ ಗೌರವ್ವ. ಮದುವೆಯಾಗಿ ಬಂದ ವರ್ಷದಿಂದ ದಾಕ್ಷಾಯಿಣಿಯೂ ಬೆರಳು ಅದ್ದಿದವಳೇ. ಬಾಗಿಲಿಗೆ ರಂಗೋಲಿ ಹಾಕಿದ ಹಾಗೆ ಅದೂ ಒಂದು ಮನೆಗೆಲಸ ಎಂದುಕೊಂಡಿದ್ದಳು.

ಅರಿಶಿನದ ಕಲೆ ಬೆರಳಲ್ಲಿ ಉಳಿದು ಲೆಕ್ಕ ಕೆಡಿಸಿರಬೇಕು! ಆಕೆಗೆ ಎಷ್ಟು ಸಮಾಧಾನವಾಯಿತೆಂದರೆ, ಮಾರನೆಯ ದಿನ ಕ್ಯಾಂಟೀನಿನ ಹತ್ತು ಮಂದಿಯ ಬೆರಳಿಗೆ ಅರಿಶಿನ ತಿಕ್ಕಿ ಶಾಯಿ ಹಚ್ಚುವಾಗ ಹಾಡು ಗುನುಗುತ್ತಿದ್ದಳು. ಅರಿಶಿನ ಇದ್ದ ಬೆರಳೂ ಇಲ್ಲದ ಬೆರಳೂ ಒಂದೇ ಬಣ್ಣಕ್ಕೆ ಬಂದವು. ಆಕೆ ಗಾಜಿನ ಪಟ್ಟಿಗಳನ್ನು ತೊಳೆದಿಟ್ಟು, ಉಳಿದ ಒಂದೇ ಕಾರಣವನ್ನು ಯಾರಿಗೂ ಹೇಳದೆ ಮನೆಗೆ ಹೋದಳು.

ಭಾನುವಾರ ಯರೇಗುಡ್ಡದ ಅಂಗನವಾಡಿಯಲ್ಲಿ ಹೆಂಗಸರ ಸಂಘದ ಸಭೆ. ಮೂವತ್ತೆಂಟು ಸದಸ್ಯರು, ಎಲ್ಲರೂ ಆ ನಾನೂರರಲ್ಲಿ ಸೇರಿದವರು. ಹನ್ನೊಂದು ವರ್ಷದಿಂದ ಗೌರವ್ವ ಅವಿರೋಧ ಅಧ್ಯಕ್ಷೆ. ಈ ಸಲ ಕಾಳು ಹಾಕಿ ಆರಿಸೋಣವೇ ಎಂದು ದಾಕ್ಷಾಯಿಣಿ ಕೇಳಿದಾಗ ಗೌರವ್ವ ನಕ್ಕುಬಿಟ್ಟಳು. ಹಾಕಿಕೊಳ್ಳಿರಿ, ನನಗೇನು ಅಂಜಿಕೆ ಎಂದಳು. ಎದುರಿಗೆ ಯಾರೂ ನಿಲ್ಲದಿದ್ದರೆ ಚೆಂದ ಕಾಣದೆಂದು ಸಂಘದ ಪುಸ್ತಕ ಬರೆಯುವ ರೇಣವ್ವ ಮಾದರ ಹೆಸರನ್ನೂ ತಾನೇ ಸೂಚಿಸಿದಳು. ಭಂಡಾರದ ಮಾತು ಬರಲಿಲ್ಲ. ಕಾಳಿನ ಆಟಕ್ಕೆ ದೇವರನ್ನು ಕರೆಯುವುದು ಗೌರವ್ವಳಿಗೆ ಸರಿಬೀಳಲಿಲ್ಲ.

ಕರಿಹಲಗೆಯ ಹಿಂದೆ ಕೊಡ ಇಟ್ಟರು. ಗೌರವ್ವಳಿಗೆ ಕಡಲೆ, ರೇಣವ್ವಳಿಗೆ ಹೆಸರುಕಾಳು. ಒಬ್ಬೊಬ್ಬರೇ ಹೋಗಿ ಹಾಕಿ ಬಂದರು. ಹೊರಬಂದವರ ಎಡಬೆರಳಿಗೆ ದಾಕ್ಷಾಯಿಣಿ ಹನ್ನೊಂದು ಗ್ರಾಮಿನ ಅದೇ ಶಾಯಿ ಹಚ್ಚಿದಳು, ಆಮೇಲಿನ ಪರೀಕ್ಷೆಗೆ ಬೆವರು ಬೇಕೆಂದು ಬಲಬೆರಳನ್ನು ಗಾಜಿನ ಪಟ್ಟಿಗೆ ಒತ್ತಿಸಿಕೊಂಡಳು. ಹೆಂಗಸರು ಮೆಹಂದಿ ಹಚ್ಚಿಸಿಕೊಂಡವರಂತೆ ಕೈ ಮುಂದೆ ಚಾಚಿ ಕೂತರು. ಒಬ್ಬೊಬ್ಬರ ಬೆರಳೂ ಹಸಿರಾಗುತ್ತ ಹೋಯಿತು. ಮೂವತ್ಮೂರು ಹಸಿರು, ನಾಲ್ಕು ನೇರಳೆ. ದಾಕ್ಷಾಯಿಣಿಯ ಬೆರಳೂ ಹಸಿರಾಗಿತ್ತು.

ಕೊಡ ಸುರಿದು ಎಣಿಸಿದಾಗ ಹೆಸರುಕಾಳು ಇಪ್ಪತ್ಮೂರು, ಕಡಲೆ ಹದಿನೈದು.

ರೇಣವ್ವ ಬಾಯಿಗೆ ಸೆರಗು ಹಿಡಿದಳು. ಗೌರವ್ವ ಎದ್ದು, ಸಂಘದ ಬೀಗದಕೈಯನ್ನು ಸೊಂಟದಿಂದ ಬಿಚ್ಚಿ ಆಕೆಯ ಮುಂದಿಟ್ಟು ಹೊರಟಳು. ಹೊಸ್ತಿಲು ದಾಟುವಾಗ ಸೆರಗಿನಡಿ ಮುಚ್ಚಿಟ್ಟಿದ್ದ ಎಡಗೈ ಒಮ್ಮೆ ಕಾಣಿಸಿತು. ಅಂದಿನ ಮೂವತ್ತೆಂಟು ಬೆರಳುಗಳಲ್ಲಿ ಕಾವಿಯಾಗಿದ್ದು ಅದೊಂದೇ.

ಮನೆಯ ಹಿತ್ತಲಲ್ಲಿ ಗೌರವ್ವ ಬೂದಿ ಹಾಕಿ ಆ ಬೆರಳನ್ನು ತಿಕ್ಕುತ್ತ ಕೂತಿದ್ದಳು. ಹದಿನೈದು ದಿನ ಹೋಗದು ಎಂದು ಸೊಸೆ ಮೆಲ್ಲಗೆ ಹೇಳಿದಳು.

“ನೀ ಯಾವ ಕಾಳು ಹಾಕಿದಿ, ದಾಕ್ಷಾಣಿ?”

“ಅದನ್ನ ಹೇಳಂಗಿಲ್ಲತ್ತಿ.”

“ಹೇಳಬ್ಯಾಡ. ಗೊತ್ತಾತು.” ಸ್ವಲ್ಪ ಹೊತ್ತು ಬೆರಳು ತಿಕ್ಕಿ ಗೌರವ್ವ ಅಂದಳು: “ನಿನ್ನ ಮಾವನ ಬಲಗೈ ಯಾಕ ಸೊಟ್ಟ ಇತ್ತು, ಗೊತ್ತೈತೇನು? ಇಲೆಕ್ಷನ್‌ನ್ಯಾಗ ಕೊಡ್ಲಿ ಬೀಸಿದ್ರು. ಆ ವರ್ಷ ಎರಡು ಹೆಣ ಬಿದ್ದುವು ಈ ಓಣ್ಯಾಗ. ಆಮ್ಯಾಲೆ ಭಂಡಾರ ಹಿಡದ್ವಿ. ಮೂವತ್ತು ವರ್ಷ ಒಂದು ತಲಿ ಒಡದಿಲ್ಲ. ಅದನ್ನ ನಿನ್ನ ಬಾಟ್ಲಿ ಅಂಜಿಕಿ ಅಂತೈತೇನು?”

ದಾಕ್ಷಾಯಿಣಿ ನೀರಿನ ತಂಬಿಗೆಯನ್ನು ಅತ್ತೆಯ ಹತ್ತಿರ ಸರಿಸಿದಳು. ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜಗಳವಿಲ್ಲದ್ದನ್ನೇ ತಾನು ಅಂಜಿಕೆಯಿಲ್ಲದ್ದು ಎಂದು ತಿಳಿದದ್ದೂ ಬೇಕೆಂದು ಮಾಡಿದ ತಪ್ಪಾಗಿರಲಿಲ್ಲ. ಈ ಮನೆಯಲ್ಲಿ ಬಾಳಿದ ಯಾರೇ ಆದರೂ ಹಾಗೆಯೇ ತಿಳಿಯುತ್ತಿದ್ದರು.

ಸೋಮವಾರ ಸವಣೂರ ಆ ಗಾಜಿನ ಪಟ್ಟಿಗಳಿಗೆ ಒಂದು ಗ್ರಾಮಿನಿಂದ ಹನ್ನೊಂದರ ತನಕ ಬೇರೆ ಬೇರೆ ಅಳತೆಯ ಶಾಯಿ ಹಾಕಿ ನೋಡಿದರು. ನಾಲ್ಕಕ್ಕೆ ಸರಿಯಾದ ನೇರಳೆ ಬಂತು. ಸಾಮುರಾದ ಮೀನುಗಾರರ ಲೆಕ್ಕ ಬೇರೆಯಾಗಿ ಹಾಕಿದರೂ ನಾಲ್ಕೇ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು. ಮತಗಟ್ಟೆಯ ಸಹಜ ಗಾಬರಿಗೆ ನಾಲ್ಕು ಗ್ರಾಂ ಸಾಕಿತ್ತು. ಮಿಕ್ಕ ಏಳು ಗ್ರಾಂ ಯರೇಗುಡ್ಡದ ಅಂಜಿಕೆಗೆ ಹಾಕಿದ್ದು. ಆ ಅಂಜಿಕೆಯನ್ನೇ ಅಂಜಿಕೆಯಲ್ಲವೆಂದು ಬರೆದು ಲೀಟರುಗಟ್ಟಲೆ ಶಾಯಿಗೆ ಬೆರೆಸಿ, ದೇಶದ ಮುದ್ರೆ ಒತ್ತಿ, ಪರದೇಶಕ್ಕೆ ಕಳಿಸಿದ್ದರು.

ಆಗಿನ್ನೂ ಸಾಮುರಾದ ಮಹಾಚುನಾವಣೆಗೆ ಇಪ್ಪತ್ತೆರಡು ದಿನವಿತ್ತು; ತಡೆಪುಡಿ ಬೆರೆಸದ ಶಾಯಿ ಉಗ್ರಾಣದಲ್ಲಿ ಸಿದ್ಧವಿತ್ತು. ಸವಣೂರ ದೆಹಲಿಗೆ ಫೋನು ಹಚ್ಚಿದರು. ನೆರವಿನ ಕೆಲಸ ನೋಡುತ್ತಿದ್ದ ಅಧಿಕಾರಿಣಿ ಕೆಟ್ಟವರಲ್ಲ, ಕೂಗಾಡಲಿಲ್ಲ. ನಾಲ್ಕು ಗ್ರಾಮಿನ ಶಾಯಿ ಮಾಡಿ ಕಳಿಸಿರಿ, ಖರ್ಚು ನಾವು ನೋಡಿಕೊಳ್ಳುತ್ತೇವೆ ಎಂದರು. ಬದಲಾವಣೆಯ ಕಾರಣ ಬರೆಯುವ ಕಡೆ ಮಾತ್ರ ‘ಉಪ್ಪುಗಾಳಿ’ ಎಂದು ಬರೆಯಬೇಕು. ಬೇರೆ ದೇಶಕ್ಕೆ ಮತದಾನ ಕಲಿಸಲು ಹೊರಟವರು ನಮ್ಮ ಹಳ್ಳಿಯಲ್ಲಿ ಜನ ಅಂಜಿ ಓಟು ಹಾಕುತ್ತಾರೆಂದು ಕಾಗದದಲ್ಲಿ ಬರೆದುಕೊಟ್ಟರೆ ಮುಂದೆ ಯಾರು ನಮ್ಮ ಮಾತು ಕೇಳುತ್ತಾರೆ ಎಂಬುದು ಅವರ ಚಿಂತೆ. ಅದೂ ಬಿಡುವಂಥ ಚಿಂತೆಯಲ್ಲ.

ಸವಣೂರರಿಗೆ ಹಗುರವಾಯಿತು. ದಾಕ್ಷಾಯಿಣಿಗೂ ಆಯಿತೆನ್ನಬೇಕು. ಊರಿನ ಹೆಸರು ಬರುವುದಿಲ್ಲ, ಅತ್ತೆ ಹಿಡಿದ ತಟ್ಟೆಯ ಸುದ್ದಿ ಬರುವುದಿಲ್ಲ, ಶಾಯಿಯೂ ಸರಿಹೋಗುತ್ತದೆ. ಸಹಿಗೆಂದು ಹಾಳೆ ಎಳೆದುಕೊಂಡವಳು ಪೀಪಾಯಿಗಳ ಪಟ್ಟಿ ಓದುತ್ತ ನಿಂತಳು. ಹೊಸ ಶಾಯಿ ಕರಾವಳಿಯ ಮೂರು ಜಿಲ್ಲೆಗಳಿಗೆ ಮಾತ್ರ ಇತ್ತು.

“ಗುಡ್ಡದ ಜಿಲ್ಲಾಕ್ಕ ಹೋದ ಆರು ಪೀಪಾಯಿ ಏನಾದುವು, ಸರ್?”

“ಅವು ಅಲ್ಲಿ ಮುಟ್ಯಾವು. ಅಲ್ಲಿ ಉಪ್ಪುಗಾಳಿ ಇಲ್ಲಲ್ಲಾ, ಹಳೇದ ಇರ್ಲಿ ಅಂದಾರ.” ಹೇಳುತ್ತಿದ್ದಂತೆಯೇ ಸವಣೂರರ ದನಿ ಇಳಿಯಿತು.

ಗುಡ್ಡದ ಜಿಲ್ಲೆಗಳಲ್ಲೇ ದಂಡನಾಯಕನ ಮಂದಿ ಇದ್ದದ್ದು. ಅಲ್ಲಿ ಜನ ಯರೇಗುಡ್ಡದಷ್ಟೇ ಅಂಜಿ ಓಟು ಹಾಕಿದರೂ ಹನ್ನೊಂದು ಗ್ರಾಮಿನ ಶಾಯಿ ಎಲ್ಲರ ಬೆರಳನ್ನೂ ನೇರಳೆಯಾಗಿ ತೋರಿಸುತ್ತದೆ. ಎಲ್ಲ ಸ್ವತಂತ್ರವಾಗಿ ನಡೆಯಿತೆಂದು ಲೋಕಕ್ಕೆ ಸಾರುತ್ತದೆ. ಅವುಗಳನ್ನೂ ವಾಪಸು ತರಿಸಿರೆಂದು ಸವಣೂರ ಮತ್ತೆ ದೆಹಲಿಗೆ ಕೇಳಿದರು. ಉಪ್ಪುಗಾಳಿಯಿಲ್ಲದ ಕಡೆಯಿಂದ ಉಪ್ಪುಗಾಳಿಯ ಕಾರಣಕ್ಕೆ ವಾಪಸು ತರಿಸಿದರೆ ಅನುಮಾನ ಬರುತ್ತದೆ ಎಂಬ ಉತ್ತರ ಬಂತು.

ದಾಕ್ಷಾಯಿಣಿ ಅಂದು ಸಹಿ ಹಾಕಲಿಲ್ಲ. ಮೂರು ದಿನ ಪೀಪಾಯಿಗಳು ಗೇಟಿನೊಳಗೇ ನಿಂತವು. ಆಕೆಯನ್ನು ಬಿಟ್ಟು ಬೇರೆಯವರಿಂದ ಸಹಿ ಹಾಕಿಸಬಹುದೆಂದು ದೆಹಲಿಯಿಂದ ಕಾಗದ ಬಂತು. ಬಣ್ಣದ ಮೇಜಿನಲ್ಲಿ ಆಕೆಯ ಕೈಕೆಳಗಿದ್ದ ಇಬ್ಬರೂ ಕಣ್ಣು ಸರಿಯಿಲ್ಲವೆಂದು ರಜೆ ಹಾಕಿದರು. ನಾಲ್ಕನೆಯ ದಿನ ಸಾಮುರಾದ ಚುನಾವಣಾ ಆಯುಕ್ತೆ ಲೂಯಾ ತಮಾನೆ ತಾವೇ ನಿಗಾ ಕೋಣೆಯ ಪರದೆಯ ಮೇಲೆ ಬಂದು, ಶಾಯಿ ಯಾಕೆ ಹೊರಟಿಲ್ಲ, ಬಣ್ಣ ನೋಡುವವರನ್ನು ಮಾತಾಡಿಸಿ ಎಂದರು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದು, ನಾಲ್ಕು ವರ್ಷ ಜೈಲಿನಲ್ಲಿದ್ದು ಬಂದ ಹೆಂಗಸು. ಅವರ ಮಾತನ್ನು ಅನುವಾದದ ಯಂತ್ರ ಪತ್ರಿಕೆಯ ಕನ್ನಡದಲ್ಲಿ ಹೇಳುತ್ತಿತ್ತು.

ಸವಣೂರ ಬಾಗಿಲ ಕಡೆ ನೋಡಿದರು. ಆಮೇಲೆ ಕುರ್ಚಿಯನ್ನು ದಾಕ್ಷಾಯಿಣಿಯ ಕಡೆ ಸರಿಸಿದರು.

ಆಕೆ ಎಲ್ಲವನ್ನೂ ಹೇಳಿದಳು. ಭಂಡಾರದ ತಟ್ಟೆ ಎಂದರೇನು ಎಂಬುದನ್ನು ಯಂತ್ರಕ್ಕೆ ಎರಡು ಸಲ ಬಿಡಿಸಿ ಹೇಳಬೇಕಾಯಿತು. ಊರನ್ನು ತೋರಿಸಿದವಳು ತಾನು, ತಟ್ಟೆ ಹಿಡಿಯುತ್ತಿದ್ದವರು ತನ್ನ ಅತ್ತೆ, ಗುಡ್ಡದ ಆರು ಪೀಪಾಯಿಗಳನ್ನು ಮುಟ್ಟಬಾರದು ಎಂದಳು. ತಮಾನೆ ಪರದೆಯ ಹತ್ತಿರಕ್ಕೆ ಬಾಗಿದರು.

“ಈ ಶಾಯಿಯನ್ನು ತಮ್ಮ ದೇಶದ ಚುನಾವಣೆಗಳಲ್ಲಿ ತಾವು ಬಳಸುತ್ತೀರಾ?” ಎಂದಿತು ಯಂತ್ರ.

“ಇಲ್ರೀ. ಅಪ್ಪಣೆ ಇಲ್ಲ.”

“ಕಾರಣವೇನು?”

“ಕೇಳಿಲ್ರೀ ನಾವು. ನಮ್ಮಲ್ಲಿ ಎಲ್ಲಾ ಸರಿ ಐತಿ ಅಂತ ತಿಳಕೊಂಡಿದ್ವಿ.” ದಾಕ್ಷಾಯಿಣಿ ಸೆರಗಿನಿಂದ ಮುಖ ಒರೆಸಿಕೊಂಡಳು. “ಇಂಥಾ ಮಂದಿ ನಿಮಗ ಕಲಸಾಕ ಬಂದ್ವಿ. ನಮ್ಮ ಶಾಯಿ ಬ್ಯಾಡ ಅಂದ್ರೂ ತಪ್ಪಿಲ್ಲ.”

ತಮಾನೆ ತಲೆಯಾಡಿಸಿದರು. ಕಲಿಸಲು ಬಂದವರು ತಮ್ಮಲ್ಲಿಗೆ ಅನೇಕರಿದ್ದಾರೆ, ತಮ್ಮ ಅಳತೆ ತಪ್ಪಿತ್ತೆಂದು ಹೇಳಿದವರು ಈ ತನಕ ಬಂದಿರಲಿಲ್ಲ ಎಂದರು. ಆಮೇಲೆ ಪೆನ್ನು ತೆಗೆದುಕೊಂಡು, ನಾಲ್ಕು ಗ್ರಾಂ ಎಂಬುದು ಖಚಿತವೇ, ಎಷ್ಟು ಬೆರಳಿನ ಲೆಕ್ಕ, ಯಾವ ದಿನ ತೆಗೆದದ್ದು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಕೊನೆಗೆ, ನಿಮ್ಮ ಅತ್ತೆ ಏನೆಂದರು ಎಂದು ಕೇಳಿದರು.

“ಇನ್ನೂ ಗೊತ್ತಿಲ್ರೀ ಅವ್ರಿಗೆ. ಸಂಜಿಕ ಹೋಗಿ ಹೇಳ್ಬೇಕು.”

ಅಂದೇ ದಾಕ್ಷಾಯಿಣಿ ಕಾರಣದ ಕಡೆ ‘ಯರೇಗುಡ್ಡದ ಅಳತೆ ತಪ್ಪು; ಅಲ್ಲಿ ಜನ ಆಣೆಗೆ ಅಂಜಿ ಓಟು ಹಾಕಿದ್ದರು; ನಾನೂ ಹಾಕಿದ್ದೆ’ ಎಂದು ಬರೆದು, ಕೆಳಗೆ ‘ಬಣ್ಣ ಸರಿ’ ಎಂದು ಸಹಿ ಮಾಡಿದಳು. ಸವಣೂರ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಗೌರವ್ವಳಿಗೆ ಸಂಜೆ ಸುದ್ದಿ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಎಂಟು ತಿಂಗಳು ಸೊಸೆಯೊಡನೆ ಮಾತಾಡಲೂ ಇಲ್ಲ.

ಗುಡ್ಡಕ್ಕೂ ಕಳಿಸಿದ ಹೊಸ ಶಾಯಿಯಲ್ಲಿ ಸಾಮುರಾದ ಆ ಜಿಲ್ಲೆಗಳ ನೂರ ಹದಿನಾಲ್ಕು ಮತಗಟ್ಟೆಗಳು ಕಾವಿಯಾದವು. ಅಲ್ಲೆಲ್ಲ ಮತ್ತೆ ಮತದಾನ ನಡೆಯಿತು. ಎರಡನೆಯ ಸಲವೂ ಎಪ್ಪತ್ತು ಕಡೆ ದಂಡನಾಯಕನ ಪಕ್ಷವೇ ಗೆದ್ದಿತು. ಉಳಿದ ನಲವತ್ತನಾಲ್ಕರಲ್ಲಿ ಸೋತಿತು. ಅಷ್ಟರಿಂದಲೇ ಅದಕ್ಕೆ ಸರಕಾರ ತಪ್ಪಿತು. ಇತ್ತ, ಮಾತಾಗಿದ್ದ ಇನ್ನೆರಡು ದೇಶಗಳ ಬೇಡಿಕೆ ನಿಂತುಹೋಯಿತು. ಕಾರ್ಖಾನೆಯ ಇಪ್ಪತ್ತೆರಡು ಗುತ್ತಿಗೆ ಕೆಲಸಗಾರರು ಮನೆಗೆ ಹೋದರು. ಅವರಲ್ಲಿ ಕೆಲವರು ಬಸ್ ನಿಲ್ದಾಣದಲ್ಲಿ ದಾಕ್ಷಾಯಿಣಿಯನ್ನು ಕಂಡರೆ ಮುಖ ತಿರುಗಿಸುತ್ತಾರೆ. ಆಕೆಯನ್ನು ಬಣ್ಣದ ಮೇಜಿನಿಂದ ಬಾಟಲಿ ಉಗ್ರಾಣಕ್ಕೆ ಹಾಕಿದರು. ಶಾಯಿಯನ್ನು ದೇಶದೊಳಗೂ ಬಳಸಬೇಕೆಂದು ಸವಣೂರ ಬರೆದ ಅರ್ಜಿಗೆ ಐದು ವರ್ಷವಾದರೂ ಉತ್ತರವಿಲ್ಲ.

ಯರೇಗುಡ್ಡದಲ್ಲಿ ಮುಂದಿನ ಪಂಚಾಯಿತಿ ಚುನಾವಣೆ ಬಂದಾಗ ಗೌರವ್ವ ತಟ್ಟೆ ಹಿಡಿಯಲು ಬರಲಿಲ್ಲ. ಮೊಣಕಾಲು ನೋವೆಂದಳು. ಬೇರೊಬ್ಬರು ಹಿಡಿದರು. ನೂರ ನಲವತ್ತು ಮನೆಗಳಲ್ಲಿ ಮೂವತ್ತೊಂದು ಮನೆಯವರು ಬೆರಳು ಅದ್ದಲಿಲ್ಲ. ಚುನಾವಣೆಗೆ ನಿಂತ ರೇಣವ್ವ ಹತ್ತೊಂಬತ್ತು ಓಟಿನಿಂದ ಸೋತಳು. ಎಣಿಕೆಯ ದಿನ ಸಂತೆಕಟ್ಟೆಯ ಹತ್ತಿರ ಹೊಡೆದಾಟವಾಗಿ ಆಕೆಯ ತಮ್ಮನ ತಲೆಗೆ ನಾಲ್ಕು ಹೊಲಿಗೆ ಬಿದ್ದವು. ಊರು ಮೂವತ್ತು ವರ್ಷದ ನೆಮ್ಮದಿಯನ್ನು ಕಳೆದುಕೊಂಡಿತು. ಮೂವತ್ತೊಂದು ಮನೆಯವರು ತಮ್ಮ ಓಟನ್ನು ತಾವು ಹಾಕಿದರು.